ಹದಿಮೂರು ಮೂಗು, ಎಂಟು ಬಾಟಲಿ

ನನ್ನ ಮದ್ದಿಗೆ ಪ್ರಶಸ್ತಿ ಬಂದ ವಾರವೇ ಎರಡನೆಯ ಕುಲುಮೆಯ ಫ್ಯಾನು ನಿಲ್ಲಿಸಿದರು. ಅತ್ತ ದೆಹಲಿಯಲ್ಲಿ ನನ್ನ ಹೆಗಲಿಗೆ ಶಾಲು ಹೊದಿಸುತ್ತಿದ್ದರು. ಇತ್ತ ನಮ್ಮೂರು ಕೆಂಗಣಿವೆಯ ಮ್ಯಾಂಗನೀಸ್ ಕಾರ್ಖಾನೆಯಲ್ಲಿ ಹೊಗೆ ಹೀರುವ ಫ್ಯಾನಿನ ಕರೆಂಟು ತೆಗೆಯುತ್ತಿದ್ದರು. ಎರಡಕ್ಕೂ ಕಾರಣ ಒಂದೇ ಎಂದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು. ತಿಳಿದ ದಿನ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಿ, ಸಿಟ್ಟು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರಿಗೆ ನಾನು ಹೇಳುವುದಿಷ್ಟೇ: ನಿಮ್ಮ ಆರೋಗ್ಯ ನೀವು ನೋಡಿಕೊಳ್ಳಿ.

ನನ್ನ ಹೆಸರು ಸುಂಕಮ್ಮ. ಬೆಂಗಳೂರಿನ ಸಂಶೋಧನಾಲಯದಲ್ಲಿ ಡಾ. ಸುಂಕಮ್ಮ ಪೆನ್ನಪ್ಪ. ಪೆನ್ನಪ್ಪ ನಮ್ಮಪ್ಪ. ಅದೇ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕರಗಿದ ಲೋಹ ಇಳಿಸುವ ಕೆಲಸ ಮಾಡಿದ. ಆಗಿನ ಕಾಲದಲ್ಲಿ ಅಲ್ಲಿ ಫ್ಯಾನೇ ಇರಲಿಲ್ಲ. ನಲವತ್ತಮೂರನೆಯ ವಯಸ್ಸಿಗೆ ಅಪ್ಪನ ಹಿಮ್ಮಡಿ ನೆಲಕ್ಕೆ ತಾಗುವುದು ನಿಂತಿತು. ಮೊಣಕೈ ಮಡಚಿಕೊಂಡು, ತುದಿಗಾಲಲ್ಲಿ, ಎದೆ ಮುಂದೆ ಮಾಡಿ ನಡೆಯುತ್ತಿದ್ದ. ಊರಿನವರು ಅದಕ್ಕೆ ಹುಂಜದ ನಡಿಗೆ ಎನ್ನುತ್ತಿದ್ದರು. ಹುಡುಗರು ಹಿಂದೆ ಹಿಂದೆ ಹಾಗೇ ನಡೆದು ಅಣಕಿಸುತ್ತಿದ್ದರು. ಕಂಪನಿಯ ಡಾಕ್ಟರು ಚೀಟಿಯಲ್ಲಿ ‘ಮದ್ಯಪಾನ’ ಎಂದು ಬರೆದ. ಜೀವಮಾನದಲ್ಲಿ ಹೆಂಡದ ವಾಸನೆ ಬಂದರೆ ಮುಖ ತಿರುಗಿಸುತ್ತಿದ್ದವನನ್ನು ಕುಡುಕನೆಂದು ಮನೆಗೆ ಕಳಿಸಿದರು. ಆ ಚೀಟಿ ಓದಲಿಕ್ಕೆ ಬರುತ್ತಿದ್ದುದು ಮನೆಯಲ್ಲಿ ನನಗೊಬ್ಬಳಿಗೇ. ನಾನು ಓದಿದೆ. ಆಮೇಲೆ ಇಪ್ಪತ್ತೈದು ವರ್ಷ ಓದುತ್ತಲೇ ಇದ್ದೆ.

ಅಪ್ಪನಿಗೆ ಏನಾಗಿತ್ತು ಎಂಬುದು ಹೇಳಿದರೆ ಯಾರಿಗಾದರೂ ತಿಳಿಯುವಂಥದೇ. ಮಿದುಳು ಬಲು ಖರ್ಚಿನ ಅಂಗ. ಮೈತೂಕದಲ್ಲಿ ಐವತ್ತರಲ್ಲಿ ಒಂದು ಪಾಲು. ತಿನ್ನುವುದು ನಾವು ಎಳೆದುಕೊಂಡ ಆಮ್ಲಜನಕದ ಐದರಲ್ಲಿ ಒಂದು ಪಾಲು. ಅಷ್ಟು ಉರಿಯುವ ಕಡೆ ಕಿಡಿ ಹಾರದೆ ಇರುತ್ತದೆಯೇ? ಜೋಡಿ ತಪ್ಪಿದ ಎಲೆಕ್ಟ್ರಾನು ಹೊತ್ತು, ಸಿಕ್ಕಿದ್ದನ್ನೆಲ್ಲ ಕಚ್ಚುತ್ತ ಓಡಾಡುವ ಆಮ್ಲಜನಕದ ತುಣುಕುಗಳೇ ಆ ಕಿಡಿ. ಅವನ್ನು ಆರಿಸಲು ಪ್ರತಿ ಜೀವಕೋಶದಲ್ಲೂ ಕಿಣ್ವಗಳಿವೆ. ಉಸಿರಿನ ಜೊತೆ ಮ್ಯಾಂಗನೀಸಿನ ಧೂಳು ಹೋದರೆ ಅದು ಮಿದುಳಿನ ನಡುವೆ, ನಡಿಗೆಯನ್ನೂ ಕೈಗಳನ್ನೂ ಹದದಲ್ಲಿಡುವ ಗಂಟಿನಲ್ಲಿ ಕೂತುಬಿಡುತ್ತದೆ. ಕಿಡಿ ಹೆಚ್ಚುತ್ತದೆ, ಆರಿಸುವವರು ಸೋಲುತ್ತಾರೆ. ಆಗ ಮಿದುಳಿನ ಕಾವಲು ಕೋಶಗಳು ಕೆರಳಿ ಏಳುತ್ತವೆ. ಶತ್ರು ಕಾಣದೆ, ಉರಿಯೂತದ ರಸ ಕಾರುತ್ತ, ತಾವು ಕಾಯಬೇಕಾದ ನರಕೋಶಗಳನ್ನೇ ತಿನ್ನಲು ಶುರು ಮಾಡುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ನಾನು ಹಿಡಿದದ್ದು ಒಂದು ಬೆಳವಣಿಗೆಯ ಪ್ರೋಟೀನನ್ನು. ತಾಯಿಯ ಹೊಟ್ಟೆಯಲ್ಲಿ ಮಗುವಿನ ಮಿದುಳು ಕಟ್ಟುವಾಗ ನಮ್ಮ ಮೈಯೇ ಧಾರಾಳವಾಗಿ ಮಾಡಿಕೊಳ್ಳುವ ಪದಾರ್ಥ ಅದು. ದೊಡ್ಡವರಾದ ಮೇಲೆ ಕಮ್ಮಿಯಾಗುತ್ತದೆ. ಅದು ನರಕೋಶದ ಬಾಗಿಲಿಗೆ ಬಂದು ಕೂತರೆ ಒಳಗೆ ಎರಡು ಸುದ್ದಿ ಹೋಗುತ್ತದೆ. ಕಿಡಿ ಆರಿಸುವ ಕಿಣ್ವಗಳನ್ನು ಇನ್ನಷ್ಟು ಮಾಡು; ಸಾಯಬೇಡ, ತಾಳು. ಪಕ್ಕದ ಕಾವಲು ಕೋಶಗಳಿಗೂ ಒಂದು ಮಾತು: ಸುಮ್ಮನಿರಿ. ಹನ್ನೊಂದು ವರ್ಷ ಇಲಿಗಳ ಜೊತೆ ಬಾಳಿ, ಅದರ ಒಂದು ಗಟ್ಟಿಮುಟ್ಟಾದ ರೂಪ ಮಾಡಿದೆ. ಮೂಗಿನೊಳಗೆ ಚಿಮ್ಮಿಸಿದರೆ ವಾಸನೆಯ ನರದ ಗುಂಟ ನೇರ ಮಿದುಳಿಗೆ. ಧೂಳು ಹೋದ ದಾರಿಯಲ್ಲೇ ಮದ್ದೂ ಹೋಗಲಿ ಎಂಬ ಹಟ ನನಗೆ. ಅದಕ್ಕೆ ‘ಕಾವಲು’ ಎಂದು ಹೆಸರಿಟ್ಟೆ.

ಕಾವಲು ಮಾಡದ ಕೆಲಸ ಒಂದಿತ್ತು. ಅದು ಲೋಹವನ್ನು ಹೊರಗೆ ಹಾಕುವುದಿಲ್ಲ. ಲೋಹ ಕೂತೇ ಇರುತ್ತದೆ; ಮದ್ದು ಇರುವಷ್ಟು ದಿನ ಕೋಶಗಳು ತಡೆದುಕೊಳ್ಳುತ್ತವೆ. ದಿನಾ ಕೊಡುತ್ತಿದ್ದ ಇಲಿಗಳಿಗೆ ಒಮ್ಮೆಲೇ ನಿಲ್ಲಿಸಿದಾಗ ಆರು ವಾರದಲ್ಲಿ ಅವುಗಳ ಹಿಂಗಾಲು ಬಿದ್ದುಹೋದವು. ಇದನ್ನು ನಾನೇ ಬರೆದು ಪ್ರಕಟಿಸಿದೆ. ಎಲ್ಲರೂ ಓದಿದರು. ಕಂಪನಿಯವರು ಎಲ್ಲರಿಗಿಂತ ಚೆನ್ನಾಗಿ ಓದಿದರು.

ಮರುವರ್ಷ ‘ರಕ್ಷಿತ ಶ್ರಮ ನಿಯಮ’ ಬಂತು. ಕೆಲಸಗಾರರ ಮಿದುಳಿಗೆ ರಕ್ಷಣೆ ಇರುವ ಕಡೆ ಗಾಳಿಯಲ್ಲಿ ಐದು ಪಟ್ಟು ಧೂಳಿದ್ದರೂ ನಡೆಯುತ್ತದೆ. ಮದ್ದು ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ತಜ್ಞರೊಬ್ಬರು ಆರು ತಿಂಗಳಿಗೊಮ್ಮೆ ರುಜು ಹಾಕಿದರೆ ಸಾಕು. ತಜ್ಞೆ ನಾನೇ. ಅರವತ್ತು ಪುಟದ ಕಡತ ಬರುತ್ತಿತ್ತು. ನಾನು ಓದುತ್ತಿದ್ದುದು ಮದ್ದಿನ ಪುಟಗಳನ್ನು. ಗಾಳಿಯ ಪುಟಗಳು ಎಂಜಿನಿಯರುಗಳಿಗೆ ಸೇರಿದ್ದು ಎಂದು ಬಿಟ್ಟುಬಿಡುತ್ತಿದ್ದೆ. ನಾಲ್ಕು ಸಲ ರುಜು ಹಾಕಿದೆ. ಒಂದು ಸಲವೂ ಕುಲುಮೆಯ ಹತ್ತಿರ ಹೋಗಿ ಉಸಿರಾಡಲಿಲ್ಲ. ಈ ಕಥೆಯಲ್ಲಿ ನಾನು ಬೈಯುವ ಮಂದಿಯ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

ಐದನೆಯ ಕಡತ ಬರುವ ಹೊತ್ತಿಗೆ ಅತ್ತಿಗೆ ದುರುಗಮ್ಮನ ಫೋನು ಬಂತು. ಅಣ್ಣ ತಾಯಪ್ಪ ಅಪ್ಪನ ಜಾಗದಲ್ಲೇ, ಎರಡನೆಯ ಕುಲುಮೆಯಲ್ಲಿ, ತಂಡದ ಮುಖ್ಯಸ್ಥ.

"ಸುಂಕವ್ವ, ನಿಮ್ಮಣ್ಣ ನಗಾಕತ್ಯಾನ," ಎಂದಳು.

"ನಗ್ಲಿ ಬಿಡು ಅತ್ತಿಗೀ, ನಿನ್ನ ಕಟ್ಕೊಂಡು ಈಗಾದ್ರೂ ನಗ್ತಾನಲ್ಲ."

ಅವಳು ನನ್ನ ತಮಾಷೆಗೆ ನಗಲಿಲ್ಲ. "ನಗೋ ಮಾತಿಲ್ಲದ ನಗ್ತಾನವ್ವ. ನಿನ್ನೆ ಬಾಜೂ ಮನಿ ಮುದುಕಿ ಸತ್ತಳು. ಮಣ್ಣಿಗೆ ಹೋದಲ್ಲಿ ನಕ್ಕ. ನಿಲ್ಸು ಅಂದ್ರ ಕಣ್ಣಾಗ ನೀರು ತಂದು, ನಿಲ್ಲವಲ್ದು ಅಂದ."

ಕಾರಣವಿಲ್ಲದೆ ಬರುವ, ನಿಲ್ಲದ ನಗು ಮ್ಯಾಂಗನೀಸು ಮಿದುಳಿಗೆ ಇಳಿದ ಗುರುತು. ಮರುದಿನ ಬೆಳಿಗ್ಗೆ ನಾನು ಕೆಂಗಣಿವೆಯಲ್ಲಿದ್ದೆ. ಅಣ್ಣ ಆಗ ತಾನೆ ಪಾಳಿ ಮುಗಿಸಿ ಬಂದು ಸ್ನಾನಕ್ಕೆ ಹೊರಟಿದ್ದ. ನನ್ನ ದನಿ ಕೇಳಿ ಬಚ್ಚಲ ಬಾಗಿಲಲ್ಲಿ ತಿರುಗಿದ. ನಾವು ನೀವಾದರೆ ಒಂದು ಕಾಲಿನ ಮೇಲೆ ತಿರುಗುತ್ತೇವೆ. ಅಣ್ಣ ಪುಟ್ಟ ಪುಟ್ಟ ಐದು ಹೆಜ್ಜೆ ಇಟ್ಟು, ಇಡೀ ಮೈಯನ್ನು ಒಂದೇ ತುಂಡಾಗಿ ತಿರುಗಿಸಿದ. ಅಪ್ಪ ಹೀಗೆ ತಿರುಗಲು ಶುರು ಮಾಡಿದ ವರ್ಷ ನಾನು ಆರನೆಯ ಕ್ಲಾಸಿನಲ್ಲಿದ್ದೆ.

"ಯಾವಾಗ ಬಂದೀಯವ್ವ? ಕುಂದ್ರು," ಎಂದ. ಮುಖದಲ್ಲಿ ಸಂತೋಷ ಇರಬೇಕಾಗಿತ್ತು. ಮಾತಿನಲ್ಲಿತ್ತು, ಮುಖದಲ್ಲಿರಲಿಲ್ಲ. ಮುಖ ಇಸ್ತ್ರಿ ಮಾಡಿಟ್ಟಂತಿತ್ತು.

"ಮದ್ದು ತಗೊಳ್ತೀಯಾ ಯಣ್ಣಾ?"

"ತಗೋತೀನಿ. ಬಾಟ್ಲಿ ನೋಡು ಬೇಕಾದ್ರ. ಒಂದ್ ದಿನಾನೂ ತಪ್ಪಿಲ್ಲ."

ನೋಡಿದೆ. ಕಾವಲಿನ ಬಾಟಲಿಗೆ ಎಣಿಸುವ ಯಂತ್ರವಿದೆ. ಯಾವ ದಿನ, ಎಷ್ಟು ಹೊತ್ತಿಗೆ ಒತ್ತಿದರು ಎಂಬುದೆಲ್ಲ ಅದರಲ್ಲಿ ಉಳಿಯುತ್ತದೆ. ಒಂದು ದಿನವೂ ತಪ್ಪಿರಲಿಲ್ಲ. ಮತ್ತೆ ಹೀಗೇಕೆ? ನನಗೆ ತಲೆ ಕೆಟ್ಟಂತಾಯಿತು. "ಫ್ಯಾನಿದ್ದೂ ಇಷ್ಟು ಧೂಳು ಎಲ್ಲಿಂದ ಬರತೈತಿ?" ಎಂದು ನನಗೆ ನಾನೇ ಎಂಬಂತೆ ಅಂದೆ.

ಅಣ್ಣ ನನ್ನನ್ನು ವಿಚಿತ್ರವಾಗಿ ನೋಡಿದ. "ಯಾವ ಫ್ಯಾನು? ಅದು ಬಂದ್ ಆಗಿ ಎರಡು ವರ್ಷಾತು. ನೀನ ಹೇಳೀದಿ ಅಂದ್ರಲ್ಲ."

"ನಾನಾ?"

"ಹೂಂ. ಮೀಟಿಂಗ್ ಕರದು ಹೇಳಿದ್ರು. ನಿಮ್ಮ ತಾಯಪ್ಪನ ತಂಗೀನ ಬರಕೊಟ್ಟಾಳ, ಈ ಮದ್ದು ತಗೊಂಡ್ರ ಫ್ಯಾನ್ ಬೇಕಾಗಿಲ್ಲ ಅಂತ. ಎಲ್ಲಾರೂ ಚಪ್ಪಾಳಿ ಹೊಡದ್ರು. ನನಗ ಹಾರ ಹಾಕಿದ್ರು." ಆಮೇಲೆ ಸೇರಿಸಿದ: "ನೀನು ಬರದಿ ಅಂದ ಮ್ಯಾಲ ನಾವೇನು ಕೇಳೋಣು?"

ಅತ್ತಿಗೆ ಅಡುಗೆ ಮನೆಯಿಂದ ಬಂದು ಅಣ್ಣನ ಅಂಗಿಯ ಗುಂಡಿ ಬಿಚ್ಚತೊಡಗಿದಳು. ಇಬ್ಬರೂ ಅದನ್ನು ದಿನದ ಕೆಲಸವೆಂಬಂತೆ ಮಾಡುತ್ತಿದ್ದರು. ನಾನು ಹಿತ್ತಿಲಿಗೆ ಹೋಗಿ ಗೋಡೆಗೆ ಮುಷ್ಟಿಯಿಂದ ಗುದ್ದಿದೆ. ಬೆರಳಿನ ಚರ್ಮ ಕಿತ್ತಿತು, ಸಿಟ್ಟು ಕಮ್ಮಿಯಾಗಲಿಲ್ಲ.

ಅದೇ ದಿನ ಕಾಲೊನಿಯ ದವಾಖಾನೆಯಲ್ಲಿ ಎರಡನೆಯ ಕುಲುಮೆಯ ಇಡೀ ತಂಡದ ರಕ್ತ ತೆಗೆದೆ. ಹದಿಮೂರು ಮಂದಿ. ಎಂಟು ಜನ ಖಾಯಂ ನೌಕರರು, ಐದು ಜನ ಗುತ್ತಿಗೆಯವರು. ಕಾವಲು ಸಿಗುವುದು ಖಾಯಂ ಆದವರಿಗೆ ಮಾತ್ರ. ಗುತ್ತಿಗೆಯವರಿಗೆ ಕೊಡುವುದಿಲ್ಲ ಎಂಬುದು ನನಗೆ ಗೊತ್ತಾದದ್ದೂ ಆಗಲೇ. ಗಾಳಿ ಎಲ್ಲರಿಗೂ ಒಂದೇ, ಮದ್ದು ಮಾತ್ರ ಹಾಜರಿ ಮಸ್ಟರಿನ ಹೆಸರು ನೋಡಿ. ಆ ಐವರ ರಕ್ತವನ್ನು ಹೋಲಿಕೆಗೆ ಇರಲಿ ಎಂದು ತೆಗೆದುಕೊಂಡೆ. ಅವರಲ್ಲಿ ಹಿರಿಯ ಹೊನ್ನೂರಸಾಬ್. ಹದಿನಾರು ವರ್ಷದಿಂದ ಅಣ್ಣನ ಪಕ್ಕದಲ್ಲಿ ನಿಂತು ಲೋಹ ಇಳಿಸುತ್ತಿದ್ದಾನೆ, ಹದಿನಾರು ವರ್ಷದಿಂದ ತಾತ್ಕಾಲಿಕ. ತೋಳು ಚಾಚಿ, "ಡಾಕ್ಟ್ರವ್ವ, ನಮ್ಮ ರಕ್ತದಾಗೂ ಮ್ಯಾಂಗನೀಸ್ ಖಾಯಂ ಆಗೇತಿ ನೋಡು, ನಾವ ಆಗಿಲ್ಲ," ಎಂದು ನಗಿಸಿದ.

ಪ್ರಯೋಗಾಲಯಕ್ಕೆ ಮರಳಿ ಮಾದರಿಗಳನ್ನು ಯಂತ್ರಕ್ಕೆ ಕೊಟ್ಟೆ. ಕಾವಲಿನ ಪ್ರೋಟೀನಿಗೆ ನಾವು ಒಂದು ಗುರುತು ಕಟ್ಟಿದ್ದೇವೆ. ಮೈಯಲ್ಲಿ ಹುಟ್ಟಿದ್ದು ಯಾವುದು, ಬಾಟಲಿಯಿಂದ ಬಂದದ್ದು ಯಾವುದು ಎಂದು ಅದರಿಂದ ತಿಳಿಯುತ್ತದೆ. ಆ ಗುರುತು ರಕ್ತದಲ್ಲಿ ಎರಡು ಮೂರು ತಿಂಗಳು ಉಳಿಯುವುದರಿಂದ, ಒಂದು ದಿನದ ಲೆಕ್ಕವಲ್ಲ, ಸರಾಸರಿ ಸಿಗುತ್ತದೆ. ದಿನವೂ ತಪ್ಪದೆ ತೆಗೆದುಕೊಂಡವನಿಗೆ ನೂರು ಬರಬೇಕು. ಅಣ್ಣನಿಗೆ ಅರವತ್ತೆರಡು ಬಂತು. ಎರಡನೆಯವನಿಗೆ ಅರವತ್ತೊಂದು. ಮೂರನೆಯವನಿಗೆ ಅರವತ್ತೊಂದು. ಎಂಟು ಜನಕ್ಕೂ ಅಷ್ಟೇ, ಒಂದರ್ಧ ಆಚೀಚೆ.

ಮದ್ದು ಬಿಸಿಲಿಗೆ ಕೆಟ್ಟಿರಬಹುದೇ? ಹಾಗಾದರೆ ಎಲ್ಲರ ಬಾಟಲಿಯೂ ಒಂದೇ ಅಳತೆಯಲ್ಲಿ ಕೆಡುವುದೇ? ಯಂತ್ರದ ತಪ್ಪೇ? ಮತ್ತೆ ಓಡಿಸಿದೆ. ಅದೇ ಅಂಕಿ. ಕೊನೆಗೆ, ಸೊನ್ನೆ ಬರಲೇಬೇಕಾದ ಆ ಐವರ ಮಾದರಿ ಹಾಕಿದೆ. ಹೊನ್ನೂರಸಾಬ್‌ಗೆ ಅರವತ್ತೊಂದು. ಉಳಿದ ನಾಲ್ವರಿಗೂ ಅರವತ್ತೊಂದು.

ಕುರ್ಚಿಯಲ್ಲಿ ಕೂತು ಕಾಗದದ ಮೇಲೆ ಎಂಟನ್ನು ಹದಿಮೂರರಿಂದ ಭಾಗಿಸಿದೆ. ನೂರಕ್ಕೆ ಅರವತ್ತೊಂದೂವರೆ.

ನಗು ಬಂತು, ಅಳು ಬಂತು. ಅದು ಹೋದ ಮೇಲೆ ಭಯ ಬಂತು. ಏಕೆಂದರೆ ಕಾವಲಿನ ವಿಷಯದಲ್ಲಿ ಮಾಡಬಾರದ ಒಂದು ಕೆಲಸವಿದ್ದರೆ ಅದು ಹೀಗೆ ಹಂಚಿಕೊಳ್ಳುವುದೇ. ಒಂದು ದಿನ ಕೊಟ್ಟು ಒಂದು ದಿನ ಬಿಟ್ಟರೆ, ಮಲಗಿಸಿದ ಕಾವಲು ಕೋಶಗಳು ಬಿಟ್ಟ ದಿನ ದುಪ್ಪಟ್ಟು ಕೆರಳಿ ಏಳುತ್ತವೆ. ಇಲಿಗಳಲ್ಲಿ ನೋಡಿದ್ದೆ. ಹಾಗೆ ಬಿಟ್ಟು ಬಿಟ್ಟು ತೆಗೆದುಕೊಂಡವು, ಮದ್ದನ್ನೇ ಕಾಣದವಕ್ಕಿಂತ ಬೇಗ ಕಾಲು ಕಳೆದುಕೊಂಡಿದ್ದವು. ಬಾಟಲಿಯ ಜೊತೆ ಬರುವ ಚೀಟಿಯಲ್ಲಿ ಇದನ್ನು ಬರೆದಿತ್ತು. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಮರುದಿನ ಮಧ್ಯಾಹ್ನ ಒಂದಕ್ಕೆ ನೇರ ಕುಲುಮೆಯ ಹಿಂದಿನ ಶೆಡ್ಡಿಗೆ ಹೋದೆ. ತಂಡ ಆಗ ಹಗಲು ಪಾಳಿಗೆ ಬದಲಾಗಿತ್ತು; ಊಟದ ಹೊತ್ತು. ಕೆಂಗಣಿವೆಯ ಕುಲುಮೆ ತಂಡಗಳಲ್ಲಿ ಒಂದು ಪದ್ಧತಿ ಅಪ್ಪನ ಕಾಲಕ್ಕಿಂತ ಹಿಂದಿನಿಂದಲೂ ಇದೆ. ಯಾರೂ ತಮ್ಮ ಬುತ್ತಿ ತಾವು ತಿನ್ನುವುದಿಲ್ಲ. ನೆಲಕ್ಕೆ ಒಂದು ದೊಡ್ಡ ಬಟ್ಟೆ ಹಾಸಿ, ಎಲ್ಲರ ಬುತ್ತಿಯನ್ನೂ ಅದರ ಮೇಲೆ ಸುರಿದು, ಕೂಡಿಸಿ, ಸಮನಾಗಿ ಪಾಲು ಮಾಡುತ್ತಾರೆ. ಬುತ್ತಿ ತರದವನಿಗೂ ಒಂದು ಪಾಲು. ಬೆಂಕಿಯ ಮುಂದೆ ಒಬ್ಬನ ಜೀವ ಇನ್ನೊಬ್ಬನ ಕೈಯಲ್ಲಿರುವಾಗ, ಹಸಿದ ಕೈಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬಾರದು ಎಂಬುದು ಅವರ ಕಾನೂನು.

ಧೂಳು ಎಷ್ಟಿತ್ತೆಂದರೆ ಶೆಡ್ಡಿನ ಆ ತುದಿಯಲ್ಲಿ ಕೂತವರ ಮುಖ ಕಾಣುತ್ತಿರಲಿಲ್ಲ. ಗೋಡೆಗೆ ಸೀಮೆಸುಣ್ಣದಲ್ಲಿ ಹದಿಮೂರು ಹೆಸರು ಬರೆದು, ಐದರ ಮುಂದೆ ಸೊನ್ನೆ ಹಾಕಿತ್ತು.

"ಆ ಸೊನ್ನಿ ಏನು?" ಎಂದೆ.

ಅಣ್ಣನೇ ಹೇಳಿದ: "ಇವತ್ತಿನ ಒಪ್ಪತ್ತಿನವರು."

"ಒಪ್ಪತ್ತು! ಮದ್ದಿಗೆ ಒಪ್ಪತ್ತು ಮಾಡ್ತಾರೇನ್ರೀ? ಯಾವನ ಬುದ್ಧಿ ಇದು?"

"ನಂದ," ಎಂದ ಅಣ್ಣ. "ಎಂಟು ಬಾಟ್ಲಿ ಅದಾವ, ಹದಿಮೂರು ಮೂಗು ಅದಾವ. ದಿನಾ ಐದ್ ಮಂದಿ ಪಾಳಿ ಮ್ಯಾಲ ಬಿಡೋದು. ಒಂದ್ ಹೊತ್ತು ಉಣ್ಣದಿದ್ರ ಮನಶ್ಯಾ ಏನು ಸಾಯ್ತಾನ? ರೊಟ್ಟಿ ಹಂಚಿದಂಗ ಹಂಚೀವಿ."

"ಇದು ರೊಟ್ಟಿ ಅಲ್ಲ ಯಣ್ಣಾ!" ನಾನು ಕಿರುಚಿದೆ. ಕಿರುಚುತ್ತಲೇ ಎಲ್ಲ ಹೇಳಿದೆ. ಕಿಡಿ, ಕೆರಳಿದ ಕಾವಲು, ಇಲಿಯ ಕಾಲು. ಹದಿಮೂರು ಮಂದಿಯನ್ನು ಅರ್ಧರ್ಧ ಉಳಿಸುತ್ತೇವೆಂದು ಹೋಗಿ ಹದಿಮೂರೂ ಮಂದಿಯನ್ನು ಕೆಡಿಸುತ್ತಿದ್ದೀರಿ ಎಂದೆ. ಓದಿದವಳ ಸೊಕ್ಕಿನಿಂದ, ಚೀಟಿ ಓದಿಸಿಕೊಳ್ಳಲಿಕ್ಕೆ ಏನಾಗಿತ್ತು ನಿಮಗೆ ಎಂದೂ ಅಂದೆ. ಆ ಮಾತು ನಾನು ಆಡಬಾರದಿತ್ತು.

ಹೊನ್ನೂರಸಾಬ್ ಕೈಯಲ್ಲಿದ್ದ ತುತ್ತನ್ನು ಬಟ್ಟೆಯ ಮೇಲೆ ಇಟ್ಟ. "ಅವ್ವಾ, ಹಂಗಂದ್ರ ಎಂಟ್ ಮಂದಿ ಉಸ್ರಾಡಿ, ಐದ್ ಮಂದಿ ಉಸ್ರು ಬಿಗಿ ಹಿಡೀಬೇಕಾ? ನಾನು ಬ್ಯಾಡ ಅಂದಿದ್ದೆ. ನಿಮ್ಮಣ್ಣ ಕೇಳಲಿಲ್ಲ. ನೀನು ತಗೊಳ್ದಿದ್ರ ನಾನೂ ತಗೊಳಂಗಿಲ್ಲ ಅಂತ ಬಾಟ್ಲಿ ಒಗಿಯಾಕ ಹೋದ."

"ಆತು. ತಪ್ಪಾತು," ಎಂದ ಅಣ್ಣ. ಅವನ ಎಡಗೈ ತೊಡೆಯ ಮೇಲೆ ತಾನೇ ತಾನಾಗಿ ನಡುಗುತ್ತಿತ್ತು; ಬಲಗೈಯಿಂದ ಅದನ್ನು ಒತ್ತಿ ಹಿಡಿದಿದ್ದ. "ಇನ್ನ ಮ್ಯಾಲ ಎಂಟು ಮಂದೀನ ತಗೋಬೇಕು ಅಂತಿ. ಹಂಗಾರ ಯಾವ ಐದ್ ಮಂದೀನ ಬಿಡ್ಬೇಕು, ನೀನ ಹೇಳು. ನೀನ ಡಾಕ್ಟ್ರು. ಗ್ವಾಡಿ ಮ್ಯಾಲ ಬರಿ." ಸೀಮೆಸುಣ್ಣ ನನ್ನ ಮುಂದೆ ಹಿಡಿದ.

ನಾನು ತೆಗೆದುಕೊಳ್ಳಲಿಲ್ಲ. ಹದಿಮೂರು ಮಂದಿ ನನ್ನನ್ನೇ ನೋಡುತ್ತಿದ್ದರು. ಇವರ ಮೇಲೆ ಹಾರಾಡಲಿಕ್ಕೆ ನನಗೇನು ಹಕ್ಕಿತ್ತು? ಊರವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಬೇರೆ ಕಡೆ, ತಣ್ಣನೆಯ ಕೋಣೆಯಲ್ಲಿ ಕೂತಿದ್ದರು. ನಾನು ಅಲ್ಲಿಗೆ ನಡೆದೆ.

ಕಂಟ್ರೋಲ್ ರೂಮು ಕುಲುಮೆಯ ಎದುರಿಗೇ, ಮೇಲಿನ ಅಂತಸ್ತಿನಲ್ಲಿ. ದಪ್ಪ ಗಾಜು, ಎ.ಸಿ., ಗೋಡೆಯ ಉದ್ದಕ್ಕೂ ಪರದೆಗಳು. ಗಾಜಿನಾಚೆ ಕಂದು ಮಬ್ಬು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅದಕ್ಕೇ ಹತ್ತಿರದಲ್ಲೇ ಕೂರಿಸಿದ ಕ್ಯಾಮೆರಾಗಳಲ್ಲಿ ನೋಡಿ ಕೆಲಸ ನಡೆಸುತ್ತಿದ್ದರು. ಕಾರ್ಖಾನೆಯ ಮ್ಯಾನೇಜರ್ ಚಕ್ರಪಾಣಿ ನನ್ನನ್ನು ಕಂಡು ಎದ್ದು ನಿಂತ. ಆತನದು ಬಲು ಮರ್ಯಾದೆ.

"ಬನ್ನಿ ಮೇಡಂ. ನಮ್ಮ ಹೆಮ್ಮೆ ನೀವು. ಕಡತ ಸಿದ್ಧವಾಗಿದೆ, ಒಂದು ರುಜು ಹಾಕಿಬಿಟ್ಟರೆ ಮುಂದಿನ ಆರು ತಿಂಗಳು ನಿಮಗೆ ತೊಂದರೆಯಿಲ್ಲ."

"ಫ್ಯಾನು ಹಾಕಿ," ಎಂದೆ.

"ಅದರ ಅಗತ್ಯವಿಲ್ಲ ಎಂದು ನೀವೇ ನಾಲ್ಕು ಸಲ ಬರೆದಿದ್ದೀರಿ. ಆ ಫ್ಯಾನು ತಿನ್ನುವ ಕರೆಂಟಿನಲ್ಲಿ ಇನ್ನೊಂದು ಕುಲುಮೆ ಅರ್ಧ ನಡೆಯುತ್ತದೆ. ನಿಮ್ಮ ಮದ್ದು ಅಷ್ಟು ಒಳ್ಳೆಯದು ಮೇಡಂ."

ಹೊಗಳಿಕೆ ಕೇಳಿ ಕಪಾಳಕ್ಕೆ ಹೊಡೆಯಬೇಕೆನಿಸಿದ್ದು ನನಗೆ ಅದೇ ಮೊದಲು. "ಹಾಗಾದರೆ ಹದಿಮೂರು ಜನಕ್ಕೂ ಮದ್ದು ಕೊಡಿ."

"ಆ ಐವರು ನಮ್ಮ ನೌಕರರಲ್ಲ. ಗುತ್ತಿಗೆದಾರರ ಕಡೆಯವರು. ಅವರ ಜವಾಬ್ದಾರಿ ಗುತ್ತಿಗೆದಾರರದು."

"ಅವರು ಉಸಿರಾಡುವುದು ಯಾರ ಗಾಳಿ? ಗುತ್ತಿಗೆದಾರ ಮನೆಯಿಂದ ಕಟ್ಟಿಕೊಡುತ್ತಾನೆಯೇ?"

ಚಕ್ರಪಾಣಿ ನಕ್ಕ. ಒಂದು ಪರದೆಯ ಕಡೆ ಕೈ ತೋರಿಸಿದ. ಅದರಲ್ಲಿ ಶೆಡ್ಡಿನ ಗೋಡೆ, ಸೀಮೆಸುಣ್ಣದ ಹದಿಮೂರು ಹೆಸರು, ಐದು ಸೊನ್ನೆ ಸ್ಪಷ್ಟವಾಗಿ ಕಾಣುತ್ತಿದ್ದವು. "ಅವರು ಹಂಚಿಕೊಳ್ಳುತ್ತಿರುವುದು ಗೊತ್ತು. ಒಂದೂವರೆ ವರ್ಷದಿಂದ ಗೊತ್ತು. ಬಡವರ ಔದಾರ್ಯಕ್ಕೆ ನಾವೇಕೆ ಅಡ್ಡಿ ಬರಬೇಕು ಎಂದು ಸುಮ್ಮನಿದ್ದೆವು."

ಈ ಮನುಷ್ಯ ನನ್ನ ಪ್ರಬಂಧ ಓದಿದ್ದಾನೆ. ಬಿಟ್ಟು ಬಿಟ್ಟು ತೆಗೆದುಕೊಂಡರೆ ಏನಾಗುತ್ತದೆಂದು ತಿಳಿದೂ ದಿನಾ ಆ ಸೊನ್ನೆಗಳನ್ನು ನೋಡುತ್ತ ಕಾಫಿ ಕುಡಿದಿದ್ದಾನೆ. ಇನ್ನೂ ಐದು ಬಾಟಲಿ ಕೊಡುವುದಕ್ಕಿಂತ, ಎಂಟರಲ್ಲಿ ಹದಿಮೂರು ಮೂಗಿಗೂ ತುಪ್ಪ ಸವರುವುದು ಅವನಿಗೆ ಲಾಭ.

"ನಾನು ರುಜು ಹಾಕುವುದಿಲ್ಲ," ಎಂದೆ.

"ಯೋಚನೆ ಮಾಡಿ." ದನಿಯಲ್ಲಿ ಮರ್ಯಾದೆ ಇನ್ನೂ ಹಾಗೇ ಇತ್ತು. "ಹಂಚಿಕೊಂಡದ್ದು ಕಂಪನಿಯ ಮದ್ದಿನ ದುರುಪಯೋಗ. ಇವತ್ತೇ ಎಂಟೂ ಜನರನ್ನು ಕೆಲಸದಿಂದ ತೆಗೆಯಬಹುದು. ಕೆಲಸವಿಲ್ಲದವನಿಗೆ ಮದ್ದಿಲ್ಲ. ನಿಲ್ಲಿಸಿದರೆ ಎಷ್ಟು ವಾರ ಅಂತ ಬರೆದಿದ್ದಿರಿ? ಆರು, ಅಲ್ಲವೇ? ನಿಮ್ಮ ಅಣ್ಣನೂ ಅವರಲ್ಲಿ ಒಬ್ಬರು ಎಂದು ಕೇಳಿದ್ದೇನೆ."

ರುಜು ಹಾಕಿದರೆ ಇನ್ನಾರು ತಿಂಗಳು ಅದೇ ಧೂಳು, ಅಣ್ಣ ಇಷ್ಟಿಷ್ಟೇ ಹೋಗುತ್ತಾನೆ. ಹಾಕದಿದ್ದರೆ ಆರು ವಾರದಲ್ಲಿ ಒಮ್ಮೆಲೇ ಹೋಗುತ್ತಾನೆ. ಅಪ್ಪನಿಗೆ ವಿಷ ಹಾಕಿದವರ ಕೈಗೆ, ಮಗನ ಕುತ್ತಿಗೆಗೆ ಕಟ್ಟಲೆಂದು ಹಗ್ಗ ಹೊಸೆದು ಕೊಟ್ಟವಳು ನಾನು. ಹನ್ನೊಂದು ವರ್ಷ ಹೊಸೆದಿದ್ದೆ.

ಮೇಜಿನ ಮೇಲೆ ಕುಲುಮೆಯವರ ಜೊತೆ ಮಾತಾಡುವ ಮೈಕು ಇತ್ತು. ಅದರ ಪಕ್ಕದಲ್ಲಿ ಕೂತಿದ್ದ ಆಪರೇಟರು, ಇನ್ನೂ ಮೀಸೆ ಬಲಿಯದವನು, ತಲೆ ತಗ್ಗಿಸಿಕೊಂಡು ಎಲ್ಲ ಕೇಳುತ್ತಿದ್ದ. ನಾನು ಮೈಕನ್ನು ಎಳೆದುಕೊಂಡು ಗುಂಡಿ ಒತ್ತಿದೆ.

"ಯಣ್ಣಾ, ಸುಂಕಿ ಮಾತಾಡಾಕತ್ತೀನಿ. ಫ್ಯಾನ್ ಬ್ಯಾಡ ಅಂತ ನಾನು ಹೇಳಿಲ್ಲ. ಓದದ ರುಜು ಹಾಕೀನಿ, ಅದು ನನ್ನ ತಪ್ಪು. ನೀವು ಹಂಚ್ಕೊಳ್ಳೋದು ಇವರಿಗೆ ಒಂದೂವರಿ ವರ್ಷದಿಂದ ಗೊತ್ತೈತಿ. ಹಂಚ್ಕೊಂಡ್ರ ಕೆಡತೀರಿ ಅನ್ನೋದೂ ಗೊತ್ತೈತಿ. ನಾನು ರುಜು ಹಾಕಲಿಲ್ಲ ಅಂದ್ರ ನಿಮ್ಮ ಕೆಲಸಾ ತಗೀತಾರಂತ, ಮದ್ದು ನಿಲ್ಲಸ್ತಾರಂತ."

ಚಕ್ರಪಾಣಿ ಮೈಕು ಕಿತ್ತುಕೊಂಡ. ಅಷ್ಟರಲ್ಲಿ ಹೇಳಬೇಕಾದ್ದೆಲ್ಲ ಹೇಳಿಯಾಗಿತ್ತು.

ಎರಡು ಗಂಟೆಗೆ ಲೋಹ ಇಳಿಸುವ ಸಮಯ. ಪೈಪಿನಿಂದ ಬೆಂಕಿ ಊದಿ ಕುಲುಮೆಯ ಬಾಯಿ ತೆರೆದರೆ ಲೋಹ ಹರಿದು ಬರುತ್ತದೆ. ಎರಡು ಹತ್ತಾಯಿತು. ಯಾರೂ ಪೈಪು ಹಿಡಿಯಲಿಲ್ಲ. ಪರದೆಯಲ್ಲಿ ನೋಡಿದರೆ ಹದಿಮೂರು ಮಂದಿಯೂ ಬುತ್ತಿಯ ಬಟ್ಟೆಯನ್ನು ಎತ್ತಿ ತಂದು ಕುಲುಮೆಯ ಮುಂದೆಯೇ ಹಾಸಿಕೊಂಡು ಕೂತು ಉಣ್ಣುತ್ತಿದ್ದರು. ನಿಧಾನವಾಗಿ, ಮದುವೆ ಊಟಕ್ಕೆ ಕೂತವರ ಹಾಗೆ.

"ತಾಯಪ್ಪ, ಟ್ಯಾಪಿಂಗ್ ಟೈಮ್ ಆಯಿತು," ಎಂದ ಚಕ್ರಪಾಣಿ ಮೈಕಿನಲ್ಲಿ.

ಅಣ್ಣ ಎದ್ದು ಕಂಬದ ಮೇಲಿನ ಮಾತಿನ ಪೆಟ್ಟಿಗೆಯ ಹತ್ತಿರ ಬಂದ. "ಊಟ ಮುಗದಿಲ್ರೀ ಸಾಹೇಬ್ರ. ಧೂಳ ಬಿದ್ದೈತಿ, ಆರಿಸ್ಕೋತ ಉಣಬೇಕು. ಫ್ಯಾನ್ ಹಾಕಿದ್ರ ಲಗೂನ ಮುಗೀತಿತ್ತು."

"ನಿಮ್ಮೆಲ್ಲರನ್ನೂ ಈಗಲೇ ತೆಗೀತೀನಿ."

"ತಗೀರಿ. ಬ್ಯಾರೆ ಯಾರನ್ನರ ಕರಸ್ರಿ. ಇಪ್ಪತ್ತು ನಿಮಿಷದಾಗ ಬಂದು ಈ ಬಾಯಿ ತಗ್ಯಾವರು ಈ ಜಿಲ್ಲಾದಾಗ ಇದ್ರ ನಾನೂ ನೋಡ್ತೀನಿ."

ಆಪರೇಟರು ಬಾಯಿಬಿಟ್ಟದ್ದು ಆಗಲೇ. "ಸರ್, ಮಟ್ಟ ಏರ್ತಾ ಇದೆ. ಕರೆಂಟು ತೆಗೆದರೆ ಒಳಗೇ ಹೆಪ್ಪುಗಟ್ಟುತ್ತೆ. ಬಿಟ್ಟರೆ ಉಕ್ಕುತ್ತೆ." ಪರದೆಯ ಅಂಚಿನಲ್ಲಿ ಹಸಿರಿದ್ದ ಅಂಕಿಗಳು ಹಳದಿಯಾಗಿದ್ದವು. ಚಕ್ರಪಾಣಿ ಫೋನೆತ್ತಿ ಯಾರಿಗೋ ಮಾತಾಡಿದ, ಇಟ್ಟ. ಇನ್ನೊಬ್ಬರಿಗೆ ಮಾಡಿದ, ಇಟ್ಟ. ಹಣೆಯ ಬೆವರು ಒರೆಸಿಕೊಂಡ. ಎ.ಸಿ. ಕೋಣೆಯಲ್ಲಿ ಒಬ್ಬ ಬೆವರುವುದನ್ನು ನೋಡಿ ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಅಂಕಿಗಳು ಕೆಂಪಾದವು.

"ಹಾಕು," ಎಂದ ಆಪರೇಟರಿಗೆ.

ಆಪರೇಟರು ಒಂದು ಗುಂಡಿ ಒತ್ತಿದ. ಒಂದೇ ಒಂದು ಗುಂಡಿ. ಫ್ಯಾನು ಕೆಟ್ಟಿರಲಿಲ್ಲ, ತುಕ್ಕು ಹಿಡಿದಿರಲಿಲ್ಲ, ಎರಡು ವರ್ಷದಿಂದ ಸುಮ್ಮನೆ ನಿಂತಿತ್ತು. ಗುಂಯ್ ಎಂದು ಶುರುವಾಗಿ, ಕೋಣೆಯ ಗಾಜು ಅದುರುವಷ್ಟು ಜೋರಾಯಿತು. ಗಾಜಿನಾಚೆಯ ಕಂದು ಮಬ್ಬು ನಿಧಾನವಾಗಿ ಮೇಲಕ್ಕೆ ಸರಿದು ಹೋಗತೊಡಗಿತು.

"ಫ್ಯಾನ್ ಹಾಕಿದೆ. ತೆರೆಯಿರಿ," ಎಂದ ಚಕ್ರಪಾಣಿ.

"ಇನ್ನೊಂದೈತಿ," ಎಂದ ಅಣ್ಣ. "ಮದ್ದಿನ ಪಟ್ಟೀಗೆ ಐದು ಹೆಸರು ಬರೀರಿ. ಖಾಯಂ ಅಂತ ಬರದು ಸಹಿ ಮಾಡ್ರಿ. ನಮ್ಮ ತಂಗಿ ಅಲ್ಲೇ ಅದಾಳ, ಈ ಸಲ ಓದಿ ನೋಡ್ತಾಳ."

ಚಕ್ರಪಾಣಿ ಕಡತದ ಹಿಂದಿನ ಹಾಳೆ ತಿರುವಿ ಪೆನ್ನು ತೆಗೆದ. ಪೆನ್ನು ಹಾಗೇ ನಿಂತಿತು. ಒಂದೂವರೆ ವರ್ಷ ಗೋಡೆಯ ಮೇಲಿನ ಸೊನ್ನೆಗಳನ್ನು ನೋಡಿದ್ದ, ಅವುಗಳ ಮುಂದಿದ್ದ ಹೆಸರುಗಳನ್ನು ಓದಿರಲಿಲ್ಲ. ಮೈಕಿಗೆ ಬಾಗಿ, "ಹೆಸರು ಹೇಳಿ," ಎಂದ.

ಅಣ್ಣ ಹೇಳಿದ. ಕೆಂಪು ಅಂಕಿಗಳು ಮಿನುಗುತ್ತಿದ್ದವು, ಅವನು ಅವಸರ ಮಾಡಲಿಲ್ಲ. ಹೊನ್ನೂರಸಾಬ್, ಅಪ್ಪನ ಹೆಸರು ಮಹಬೂಬಸಾಬ್. ಎರ್ರೆಪ್ಪ, ಅಪ್ಪನ ಹೆಸರು ಮಾರೆಪ್ಪ. ಒಂದೊಂದೇ ಹೆಸರು, ಅಪ್ಪನ ಹೆಸರು ಸಮೇತ. ಚಕ್ರಪಾಣಿ ಬರೆದ. ಐದೂ ಬರೆದು ಸಹಿ ಮಾಡಿ ಹಾಳೆಯನ್ನು ನನ್ನ ಕಡೆ ತಳ್ಳಿದ. ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಓದಿ ಮೈಕಿನಲ್ಲಿ, "ಸರಿ ಐತಿ ಯಣ್ಣಾ," ಎಂದೆ.

ಹದಿಮೂರು ಮಂದಿ ಎದ್ದರು. ಬಟ್ಟೆ ಮಡಚಿದರು. ಕುಲುಮೆಯ ಬಾಯಿ ತೆರೆಯುವ ಮೊದಲ ಕೈ ಯಾವಾಗಲೂ ತಂಡದ ಮುಖ್ಯಸ್ಥನದು. ಅಣ್ಣ ಹೋಗಿ ಪೈಪಿಗೆ ಕೈ ಹಾಕಿದ. ಎತ್ತಿದ, ಅದು ಜಾರಿತು. ಮತ್ತೆ ಎತ್ತಿದ, ಕೈ ನಡುಗಿ ಮತ್ತೆ ಜಾರಿತು. ಮೂರನೆಯ ಸಲ ಅವನು ಪೈಪನ್ನು ಮುಟ್ಟಲಿಲ್ಲ. ಅದನ್ನೇ ನೋಡುತ್ತ ನಿಂತ. ನಿಂತಲ್ಲೇ ನಗತೊಡಗಿದ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಯಾವ ಬೆಳವಣಿಗೆಯ ಪ್ರೋಟೀನಿಗೂ, ಯಾವ ಫ್ಯಾನಿಗೂ ಅದು ಸಾಧ್ಯವಿಲ್ಲ. ಅದನ್ನು ನನಗಿಂತ ಚೆನ್ನಾಗಿ ತಿಳಿದವರು ಈ ದೇಶದಲ್ಲಿ ಇಲ್ಲ.

ಹೊನ್ನೂರಸಾಬ್ ಬಂದು, ಅಣ್ಣನ ಹೆಗಲು ಮುಟ್ಟಿ ಪಕ್ಕಕ್ಕೆ ಸರಿಸಿ, ಪೈಪು ಎತ್ತಿಕೊಂಡ. ಗಾಳಿ ಆಗಲೇ ತಿಳಿಯಾಗಿತ್ತು. ಹಾಗಾಗಿ ಅಷ್ಟು ದೂರದಿಂದಲೂ ನನಗೆ ಎಲ್ಲವೂ ಚೆನ್ನಾಗಿಯೇ ಕಂಡಿತು.